ಗೆರೆ ಎಳೆದ ಮಾತ್ರಕ್ಕೆ ಜಮೀನು ಪಾರ್ಕಿನದಾಗುವುದಿಲ್ಲ: ಅಮೆರಿಕದ ಐತಿಹಾಸಿಕ ಉದ್ಯಾನ ವಿಸ್ತರಣೆಯ ಮಸೂದೆಯನ್ನು ಓದುವ ಬಗೆ

ಜಾರ್ಜಿಯಾ ರಾಜ್ಯದ ಮೇಕನ್ ನಗರದ ಪಕ್ಕದಲ್ಲಿ, ಓಕ್ಮಲ್ಗೀ ನದಿಯ ದಂಡೆಯ ಮೇಲೆ, ಸುಮಾರು ಸಾವಿರ ವರ್ಷಗಳ ಹಿಂದೆ ಜನ ಬುಟ್ಟಿಗಳಲ್ಲಿ ಮಣ್ಣು ಹೊತ್ತು ಕಟ್ಟಿದ ದೊಡ್ಡ ದಿಬ್ಬಗಳಿವೆ. 2019ರ ಮಾರ್ಚ್ 12ರಂದು ಅಮೆರಿಕದ ಅಧ್ಯಕ್ಷರು ಒಂದು ಕಾಯ್ದೆಗೆ ಸಹಿ ಹಾಕಿದರು. ಅದರೊಂದಿಗೆ ಈ ತಾಣಕ್ಕೆ 'ಓಕ್ಮಲ್ಗೀ ಮೌಂಡ್ಸ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನ' ಎಂಬ ಹೆಸರು ಬಂತು. ಅದರ ಗಡಿ ಸುಮಾರು 702 ಎಕರೆಯಿಂದ 2,800 ಎಕರೆಗೆ ಹಿಗ್ಗಿತು. ಪತ್ರಿಕೆಗಳು 'ಪಾರ್ಕ್ ನಾಲ್ಕು ಪಟ್ಟಾಯಿತು' ಎಂದು ಬರೆದವು. ಆದರೆ ಹೊಸದಾಗಿ ಗಡಿಯೊಳಗೆ ಬಂದ ಖಾಸಗಿ ಜಮೀನಿನಲ್ಲಿ ಒಂದು ಗುಂಟೆಯೂ ಆ ಸಹಿಯಿಂದ ಕೈ ಬದಲಾಗಲಿಲ್ಲ.

ಇಂಥ ಮಸೂದೆಯನ್ನು ಓದುವಾಗ ತಲೆಯಲ್ಲಿಟ್ಟುಕೊಳ್ಳಬೇಕಾದ ಮೊದಲ ವಿಷಯ ಇದು: ಗಡಿ ಬೇರೆ, ಒಡೆತನ ಬೇರೆ. ನಕ್ಷೆಯ ಮೇಲಿನ ಗೆರೆ ಸರ್ಕಾರಕ್ಕೆ ಜಮೀನು ಕೊಡುವುದಿಲ್ಲ. ಆ ಗೆರೆಯೊಳಗೆ ಜಮೀನು ಪಡೆಯುವ ಅಧಿಕಾರವನ್ನಷ್ಟೇ ಕೊಡುತ್ತದೆ. ಹಂಪಿಯನ್ನೋ ಬಾದಾಮಿಯನ್ನೋ ಬಲ್ಲ ನಮಗೆ ಇದು ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ಭಾರತದಲ್ಲಿ 2010ರ ತಿದ್ದುಪಡಿಯ ನಂತರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಜಮೀನು ನಿಮ್ಮದೇ ಆಗಿದ್ದರೂ ಕಟ್ಟಡಕ್ಕೆ ಕೈ ಹಾಕುವ ಮೊದಲು ಅನುಮತಿಯ ಪ್ರಶ್ನೆ ಏಳುತ್ತದೆ. ಅಮೆರಿಕದಲ್ಲಿ ಪಾರ್ಕಿನ ಗಡಿಯೊಳಗಿನ ಖಾಸಗಿ ಹೊಲದ ಮೇಲೆ ಸಾಮಾನ್ಯವಾಗಿ ಅಂಥ ನಿರ್ಬಂಧ ಬರುವುದಿಲ್ಲ. ಮನೆ ಕಟ್ಟಲು ಕೌಂಟಿಯ (ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತ) ನಿಯಮವೇ ನಿಯಮ, ತೆರಿಗೆಯೂ ಕೌಂಟಿಗೇ. ಆದ್ದರಿಂದ ಅಲ್ಲಿ ಸ್ಮಾರಕದ ಉಳಿವು ಒಂದೊಂದು ತುಂಡು ಜಮೀನನ್ನೂ ಯಾರು, ಯಾವಾಗ, ಯಾವ ಹಣದಿಂದ ಪಡೆಯುತ್ತಾರೆ ಎಂಬುದರ ಮೇಲೆ ನಿಂತಿದೆ. ಮಸೂದೆಯ ಒಂದೊಂದು ಪದವೂ ಮುಖ್ಯವಾಗುವುದು ಇದರಿಂದಲೇ.

ನ್ಯೂಜೆರ್ಸಿಯ ಮಾರಿಸ್‌ಟೌನ್ (1933ರಲ್ಲಿ ಸ್ಥಾಪನೆಯಾದ ಇದೇ ಈ ವರ್ಗದ ಮೊದಲನೆಯ ಉದ್ಯಾನ), ಬಾಸ್ಟನ್ ಹೊರವಲಯದ ಮಿನಿಟ್ ಮ್ಯಾನ್, ಫಿಲಡೆಲ್ಫಿಯಾ ಬಳಿಯ ವ್ಯಾಲಿ ಫೋರ್ಜ್, ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ಮಿಷನ್ಸ್ ಎಲ್ಲವೂ ಇದೇ ವರ್ಗದವು. ಇವುಗಳ ಆಸುಪಾಸಿನ ಊರುಗಳಲ್ಲಿ ಕನ್ನಡಿಗರು ಮನೆ ಮಾಡಿದ್ದಾರೆ. ನಿಮ್ಮ ಬಡಾವಣೆಯ ಪಕ್ಕ ಇಂಥ ಮಸೂದೆ ಬಂದರೆ ಮಾಡಬೇಕಾದ್ದನ್ನು ಮುಂದೆ ಕ್ರಮವಾಗಿ ಕೊಟ್ಟಿದೆ.

1. ಇದಕ್ಕೆ ಕಾಯ್ದೆ ಬೇಕೇ ಎಂದು ಮೊದಲು ನೋಡಿ

ಎಲ್ಲ ಗಡಿ ಬದಲಾವಣೆಗೂ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಬೇಕಾಗಿಲ್ಲ. ಅಮೆರಿಕ ಸಂಹಿತೆಯ 54ನೇ ಶೀರ್ಷಿಕೆಯ 100506ನೇ ಸೆಕ್ಷನ್ ಪ್ರಕಾರ, ಸಣ್ಣ ತಿದ್ದುಪಡಿಯನ್ನು ಇಂಟೀರಿಯರ್ ಇಲಾಖೆಯ ಕಾರ್ಯದರ್ಶಿಯೇ (ನಮ್ಮಲ್ಲಿನ ಸಚಿವರಂತೆ) ಮಾಡಬಹುದು. (ಇದು ನಮ್ಮ ಗೃಹ ಇಲಾಖೆಯಂಥದ್ದಲ್ಲ. ಅಲ್ಲಿ ಪಾರ್ಕು, ಸರ್ಕಾರಿ ಜಮೀನು, ಬುಡಕಟ್ಟು ರಾಷ್ಟ್ರಗಳ ವ್ಯವಹಾರ ನೋಡಿಕೊಳ್ಳುವ ಇಲಾಖೆ.) 'ಸಣ್ಣದು' ಎನಿಸಿಕೊಳ್ಳಲು ಕೆಲವು ಷರತ್ತುಗಳಿವೆ. ಸೇರಿಸುವ ಮತ್ತು ಬಿಡುವ ಜಮೀನು ಒಟ್ಟಾಗಿ ಪಾರ್ಕಿನ ಅಧಿಕೃತ ಫೆಡರಲ್ ವಿಸ್ತೀರ್ಣದ ಶೇ 5ನ್ನು ಮೀರಬಾರದು, 200 ಎಕರೆಗಿಂತ ಕಡಿಮೆ ಇರಬೇಕು. ಮೌಲ್ಯ 7,50,000 ಡಾಲರ್ ದಾಟಬಾರದು. ಸಾರ್ವಜನಿಕರ ಅಭಿಪ್ರಾಯ ಪಡೆದಿರಬೇಕು, ಸಂಬಂಧಿಸಿದ ಎಲ್ಲ ಮಾಲೀಕರ ಲಿಖಿತ ಒಪ್ಪಿಗೆ ಇರಬೇಕು. ದೊಡ್ಡ ಯೋಜನೆಯನ್ನು ಚೂರುಚೂರು ಮಾಡಿ ಈ ದಾರಿಯಲ್ಲಿ ತೂರಿಸುವಂತಿಲ್ಲ. ಅಂತಿಮ ನಕ್ಷೆ 'ಫೆಡರಲ್ ರಿಜಿಸ್ಟರ್' ಎಂಬ ಗೆಜೆಟ್‌ನಲ್ಲಿ ಪ್ರಕಟವಾಗಬೇಕು.

ಲೆಕ್ಕ ಹಾಕಿ ನೋಡಿ. 702 ಎಕರೆಯ ಶೇ 5 ಎಂದರೆ ಸುಮಾರು 35 ಎಕರೆ. 2,100 ಎಕರೆ ಸೇರಿಸಬೇಕಿದ್ದ ಓಕ್ಮಲ್ಗೀಗೆ ಕಾಯ್ದೆಯ ಹೊರತು ದಾರಿ ಇರಲಿಲ್ಲ. ನಿಮ್ಮ ಊರಿನ ಪ್ರಸ್ತಾಪ ಈ ಮಿತಿಯೊಳಗಿದ್ದರೆ ಮಸೂದೆಗಾಗಿ ಹುಡುಕಬೇಡಿ, ಫೆಡರಲ್ ರಿಜಿಸ್ಟರ್ ಕಡೆ ಕಣ್ಣಿಡಿ.

2. ಸರಿಯಾದ ಪಠ್ಯ ಹಿಡಿಯಿರಿ

ಕಾಂಗ್ರೆಸ್ ಡಾಟ್ ಗವ್ ತಾಣದಲ್ಲಿ ಪಾರ್ಕಿನ ಹೆಸರು ಹಾಕಿ ಹುಡುಕಿ. ಒಂದೇ ವಿಷಯಕ್ಕೆ ಹೆಚ್ಚಾಗಿ ಎರಡು ಮಸೂದೆಗಳಿರುತ್ತವೆ: ಕೆಳಮನೆಯದು ಎಚ್‌ಆರ್ ಸಂಖ್ಯೆಯದು, ಸೆನೆಟ್‌ನದು ಎಸ್ ಸಂಖ್ಯೆಯದು. ಎರಡರ ಪಠ್ಯವೂ ಒಂದೇ ಎಂದು ನಂಬಬೇಡಿ. ಸಮಿತಿಯಲ್ಲಿ ಒಂದು ಬದಲಾಗಿ ಇನ್ನೊಂದು ಹಾಗೆಯೇ ಉಳಿದಿರಬಹುದು. ಪ್ರತಿ ಮಸೂದೆಗೂ ಮಂಡನೆಯಾದ ರೂಪ, ಸಮಿತಿ ವರದಿ ಮಾಡಿದ ರೂಪ, ಒಂದು ಮನೆ ಅಂಗೀಕರಿಸಿದ ರೂಪ, ಸಹಿಗೆ ಹೋದ ರೂಪ ಎಂದು ಹಲವು ಆವೃತ್ತಿಗಳಿರುತ್ತವೆ. ಯಾವ ದಿನಾಂಕದ್ದನ್ನು ಓದುತ್ತಿದ್ದೀರಿ ಎಂದು ಮೇಲೆಯೇ ಬರೆದಿಟ್ಟುಕೊಳ್ಳಿ.

ಒಂದು ಕಾಂಗ್ರೆಸ್ಸಿನ ಆಯುಸ್ಸು ಎರಡು ವರ್ಷ. ಅಷ್ಟರಲ್ಲಿ ಎರಡೂ ಮನೆ ದಾಟದ ಮಸೂದೆ ಅಲ್ಲಿಗೆ ಮುಗಿಯುತ್ತದೆ. ಮುಂದಿನ ಕಾಂಗ್ರೆಸ್ಸಿನಲ್ಲಿ ಹೊಸ ಸಂಖ್ಯೆಯೊಂದಿಗೆ ಮತ್ತೆ ಮೊದಲಿನಿಂದ ಮಂಡನೆಯಾಗಬೇಕು. ಓಕ್ಮಲ್ಗೀ ವಿಸ್ತರಣೆಯ ಮಸೂದೆಯೂ 2019ಕ್ಕೆ ಮುಂಚೆ ಒಂದಕ್ಕಿಂತ ಹೆಚ್ಚು ಕಾಂಗ್ರೆಸ್‌ಗಳಲ್ಲಿ ಬಂದು ಹೋಗಿತ್ತು. ಹಳೆಯ ಸಂಖ್ಯೆ ಹಿಡಿದು 'ಮಸೂದೆ ಬಾಕಿ ಇದೆ' ಎಂದು ವಾಟ್ಸ್ಆ್ಯಪ್‌ನಲ್ಲಿ ಹಂಚುವುದು ಪದೇ ಪದೇ ಕಾಣುವ ತಪ್ಪು.

3. ನಕ್ಷೆ ತರಿಸಿಕೊಳ್ಳಿ

ಮಸೂದೆಯಲ್ಲಿ ಚಕ್ಕುಬಂದಿ ಇರುವುದಿಲ್ಲ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ ಎಂದು ಅಲ್ಲಿ ಯಾರೂ ಬರೆಯುವುದಿಲ್ಲ. ಬದಲಿಗೆ 'ಇಂಥ ಶೀರ್ಷಿಕೆಯ, ಇಂಥ ಸಂಖ್ಯೆಯ, ಇಂಥ ದಿನಾಂಕದ ನಕ್ಷೆಯಲ್ಲಿ ಸ್ಥೂಲವಾಗಿ ತೋರಿಸಿದಂತೆ ಸುಮಾರು ಇಷ್ಟು ಎಕರೆ' ಎಂದಿರುತ್ತದೆ. ನಿಜವಾದ ವಿಷಯವೆಲ್ಲ ಆ ನಕ್ಷೆಯಲ್ಲೇ ಇರುತ್ತದೆ. ಆದರೆ ಅದು ಮಸೂದೆಯ ಜೊತೆ ಅಂಟಿಕೊಂಡು ಬರುವುದಿಲ್ಲ, ಈ ಉದ್ಯಾನಗಳನ್ನು ನಡೆಸುವ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಕಚೇರಿಯಲ್ಲಿರುತ್ತದೆ. ಸಾರ್ವಜನಿಕರ ಪರಿಶೀಲನೆಗೆ ಲಭ್ಯವಿರಬೇಕೆಂದು ಮಸೂದೆಯಲ್ಲೇ ಬರೆದಿರುವುದರಿಂದ ಪಾರ್ಕಿನ ಸೂಪರಿಂಟೆಂಡೆಂಟ್ ಕಚೇರಿಗೆ ಒಂದು ಇಮೇಲ್ ಸಾಕು. ನಕ್ಷೆಯ ಸಂಖ್ಯೆಯನ್ನು ಮಸೂದೆಯಲ್ಲಿದ್ದಂತೆಯೇ ಬರೆಯಿರಿ. ಮೊದಲು ಪಾರ್ಕಿನ ಸಂಕೇತಾಂಕ, ನಡುವೆ ಓರೆಗೆರೆ, ನಂತರ ನಕ್ಷೆಯ ಅಂಕಿ.

ನಕ್ಷೆ ಬಂದ ಮೇಲೆ ಕೌಂಟಿಯ ತೆರಿಗೆ ಅಸೆಸರ್ ಕಚೇರಿಯ ಆನ್‌ಲೈನ್ ಪಾರ್ಸೆಲ್ (ಜಮೀನಿನ ತುಂಡು) ನಕ್ಷೆಯೊಂದಿಗೆ ಹೋಲಿಸಿ. ನಿಮ್ಮ ತುಂಡು ಪೂರ್ತಿ ಒಳಗಿದೆಯೇ, ಅರ್ಧ ಕತ್ತರಿಸಿದೆಯೇ, ಮನೆಯ ದಾರಿ ಮಾತ್ರ ಗೆರೆಯ ಒಳಗೆ ಹೋಗಿದೆಯೇ ನೋಡಿ. ತೊಂದರೆ ಕೊಡುವುದು ಈ ಮೂರನೆಯದು. ಮನೆ ಹೊರಗೆ, ದಾರಿ ಒಳಗೆ ಎಂದಾದರೆ ಮುಂದೆ ಪಕ್ಕದವರು ತಮ್ಮ ಜಮೀನನ್ನು ಪಾರ್ಕಿಗೆ ಮಾರಿದಾಗ ನಿಮ್ಮ ಓಡಾಟದ ಹಕ್ಕು ಕಾಗದದಲ್ಲಿ ಇದೆಯೇ ಎಂಬ ಪ್ರಶ್ನೆ ಬರುತ್ತದೆ. ದಾರಿಯ ಹಕ್ಕು ನೋಂದಣಿಯಾಗಿಲ್ಲದಿದ್ದರೆ ಈಗಲೇ ಮಾಡಿಸಿ.

'ಸುಮಾರು', 'ಸ್ಥೂಲವಾಗಿ' ಎಂಬ ಮಾತುಗಳನ್ನು ಬೇಕೆಂದೇ ಹಾಕಿರುತ್ತಾರೆ. ನಂತರ ಸರ್ವೆ ಮಾಡುವಾಗ ಕೆಲವು ಅಡಿ ಅತ್ತಿತ್ತ ಆದರೆ ಹೊಸ ಕಾಯ್ದೆ ಬೇಕಾಗಬಾರದೆಂಬುದು ಉದ್ದೇಶ. ಗೆರೆಯ ಅಂಚಿನಲ್ಲಿ ಜಮೀನಿರುವವರು ಈ ಸಡಿಲಿಕೆಯನ್ನು ಗಮನಿಸಿ, ತಮ್ಮ ಪಾರ್ಸೆಲ್ ಒಳಗೋ ಹೊರಗೋ ಎಂದು ಲಿಖಿತವಾಗಿ ಕೇಳಿ ಉತ್ತರ ಇಟ್ಟುಕೊಳ್ಳಬೇಕು.

4. ಜಮೀನು ಪಡೆಯುವ ಕಲಂ: ಇಲ್ಲಿ ನಿಧಾನವಾಗಿ ಓದಿ

ಇಡೀ ಮಸೂದೆಯಲ್ಲಿ ಒಂದೇ ಒಂದು ಕಲಂ ಓದಲು ಸಮಯವಿದ್ದರೆ ಇದನ್ನೇ ಓದಿ. ಕಾರ್ಯದರ್ಶಿ ಯಾವ ಬಗೆಯಲ್ಲಿ ಜಮೀನು ಪಡೆಯಬಹುದು ಎಂದು ಇಲ್ಲಿರುತ್ತದೆ: ದಾನ, ಖರೀದಿ, ವಿನಿಮಯ, ಇನ್ನೊಂದು ಫೆಡರಲ್ ಇಲಾಖೆಯಿಂದ ವರ್ಗಾವಣೆ. ಓಕ್ಮಲ್ಗೀ ಕಾಯ್ದೆ ದಾನ, ಒಪ್ಪಿದ ಮಾರಾಟಗಾರರಿಂದ ಖರೀದಿ, ವಿನಿಮಯ ಇಷ್ಟನ್ನೇ ಹೇಳಿ, ಬಲವಂತದ ಭೂಸ್ವಾಧೀನವನ್ನು ಸ್ಪಷ್ಟವಾಗಿ ನಿಷೇಧಿಸಿತು.

ಆ ನಿಷೇಧದ ವಾಕ್ಯ ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ 'ಮಸೂದೆ ಭೂಸ್ವಾಧೀನದ ಮಾತೇ ಎತ್ತಿಲ್ಲ, ಚಿಂತೆಯಿಲ್ಲ' ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಒಂದು ಇಲಾಖೆಗೆ ಜಮೀನು ಪಡೆಯುವ ಅಧಿಕಾರ ಬಂದಿತೆಂದರೆ, 1888ರ ಸಾಮಾನ್ಯ ಕಾಯ್ದೆಯ ಬಲದಿಂದ ನ್ಯಾಯಾಲಯದ ಮೂಲಕ ಸ್ವಾಧೀನಪಡಿಸಿಕೊಳ್ಳುವ ದಾರಿಯೂ ತೆರೆದುಕೊಳ್ಳುತ್ತದೆ. ಮಸೂದೆ ಬಾಯಿಬಿಟ್ಟು 'ಕೂಡದು' ಅಂದರೆ ಮಾತ್ರ ಆ ದಾರಿ ಮುಚ್ಚುತ್ತದೆ. 'ಒಪ್ಪಿದ ಮಾರಾಟಗಾರರಿಂದ' ಎಂಬ ಮಾತು ಖರೀದಿಗೆ ಮಾತ್ರ ಅಂಟಿಕೊಂಡಿದೆಯೋ ಇಡೀ ಕಲಮಿಗೆ ಅನ್ವಯಿಸುತ್ತದೆಯೋ ಎಂಬುದನ್ನೂ ಅಲ್ಪವಿರಾಮಗಳನ್ನು ನೋಡಿ ತಿಳಿದುಕೊಳ್ಳಬೇಕು. ಅನುಮಾನವಿದ್ದರೆ ಪ್ರತ್ಯೇಕ ನಿಷೇಧ ವಾಕ್ಯ ಹಾಕಿಸುವುದು ಸುರಕ್ಷಿತ.

ಇಲ್ಲೇ ಇನ್ನೆರಡು ಪದಗಳನ್ನು ನೋಡಿ. 'ಶಲ್' ಎಂದರೆ ನಮ್ಮ ಕಾಯ್ದೆಗಳ 'ಮಾಡತಕ್ಕದ್ದು'. 'ಮೇ' ಎಂದರೆ 'ಮಾಡಬಹುದು'. ಜಮೀನು ಪಡೆಯುವ ಕಲಮಿನಲ್ಲಿ ಬರುವುದು ಹೆಚ್ಚಾಗಿ 'ಮಾಡಬಹುದು'. ಹಾಗಾಗಿ ಗಡಿಯೊಳಗಿದ್ದೀರಿ, ಮಾರಲು ಸಿದ್ಧರಿದ್ದೀರಿ ಎಂಬ ಮಾತ್ರಕ್ಕೆ ಸರ್ಕಾರ ಕೊಳ್ಳಲೇಬೇಕೆಂದಿಲ್ಲ. ಫೆಡರಲ್ ಜಮೀನಿನ ವಿಷಯದಲ್ಲಿ ಮಾತ್ರ 'ಆಡಳಿತವನ್ನು ವರ್ಗಾಯಿಸತಕ್ಕದ್ದು' ಎಂದಿರಬಹುದು. ಅದು ದುಡ್ಡು ಕೈ ಬದಲಾಗದೆ, ಬೇಗನೆ ಜಾರಿಗೆ ಬರುವ ಭಾಗ.

ರಾಜ್ಯದ ಅಥವಾ ಕೌಂಟಿಯ ಜಮೀನನ್ನು ದಾನವಾಗಿ ಮಾತ್ರ ಪಡೆಯಬಹುದು ಎಂಬ ಸಾಲು ಹಲವು ಕಾಯ್ದೆಗಳಲ್ಲಿದೆ. ಕೇಳಲು ಸಾಧಾರಣ, ತೊಡಕು ಮಾತ್ರ ದೊಡ್ಡದು. ಸಾರ್ವಜನಿಕ ಆಸ್ತಿಯನ್ನು ಬೆಲೆಯಿಲ್ಲದೆ ಕೊಡಲು ಆ ರಾಜ್ಯದ ಕಾನೂನು ಅಡ್ಡ ಬಂದರೆ, ಗಡಿಯ ನಟ್ಟನಡುವಿನ ತುಂಡೇ ವರ್ಷಗಟ್ಟಲೆ ಹೊರಗುಳಿಯುತ್ತದೆ. ಸ್ಥಳೀಯ ಕಮಿಷನರ್‌ಗಳನ್ನು ಮೊದಲೇ ಕೇಳಿ ನೋಡಬೇಕಾದ ಪ್ರಶ್ನೆ ಇದು.

ಮನೆಯಿರುವ ಮಾಲೀಕರಿಗೆ ಇನ್ನೊಂದು ಅನುಕೂಲವಿರಬಹುದು. ಮಾರಿದ ಮೇಲೂ ಜೀವಿತಾವಧಿಗೆ, ಅಥವಾ ನಿಗದಿತ ಅವಧಿಗೆ (ಹಲವು ಕಾಯ್ದೆಗಳಲ್ಲಿ 25 ವರ್ಷದವರೆಗೆ) ಅಲ್ಲೇ ವಾಸಿಸುವ ಹಕ್ಕನ್ನು ಉಳಿಸಿಕೊಳ್ಳುವುದು. ಉಳಿಸಿಕೊಂಡ ಹಕ್ಕಿನ ಬೆಲೆಯನ್ನು ಕೈಗೆ ಬರುವ ಹಣದಿಂದ ಕಳೆಯುತ್ತಾರೆ. ವಯಸ್ಸಾದ ತಂದೆತಾಯಿ ಜೊತೆಗಿರುವ ಮನೆಯಾದರೆ ಹಕ್ಕುಪತ್ರದಲ್ಲಿ ಯಾರ ಯಾರ ಹೆಸರು ಬರುತ್ತದೆ ಎಂದು ನೋಡಿಕೊಳ್ಳಿ. ಒಬ್ಬರದೇ ಹೆಸರಿದ್ದರೆ ಅವರ ಕಾಲದೊಂದಿಗೆ ಹಕ್ಕೂ ಮುಗಿಯುತ್ತದೆ.

ಕೊನೆಯದಾಗಿ, ಕಾಯ್ದೆ ಜಾರಿಗೆ ಬರಲು ಏನಾದರೂ ಷರತ್ತಿದೆಯೇ ನೋಡಿ. ನ್ಯೂಯಾರ್ಕ್ ರಾಜ್ಯದ ಆಬರ್ನ್‌ನಲ್ಲಿರುವ ಹ್ಯಾರಿಯಟ್ ಟಬ್‌ಮನ್ ಉದ್ಯಾನಕ್ಕೆ 2014ರ ಡಿಸೆಂಬರ್‌ನಲ್ಲೇ ಕಾಯ್ದೆಯಾಗಿತ್ತು. ಆದರೆ ಬೇಕಾದಷ್ಟು ಜಮೀನು ಕೈಗೆ ಬಂದ ಮೇಲೆ ಮಾತ್ರ ಸ್ಥಾಪನೆ ಎಂಬ ಷರತ್ತಿದ್ದುದರಿಂದ, ಅದು ಅಧಿಕೃತವಾಗಿ ಹುಟ್ಟಿದ್ದು 2017ರ ಜನವರಿಯಲ್ಲಿ.

5. ಬಂದ ಜಮೀನನ್ನು ನಡೆಸುವ ಬಗೆ

'ಪಾರ್ಕ್ ವ್ಯವಸ್ಥೆಗೆ ಅನ್ವಯಿಸುವ ಕಾನೂನುಗಳಂತೆ ಆಡಳಿತ ನಡೆಸತಕ್ಕದ್ದು' ಎಂಬ ಒಂದು ಸಾಲಿನ ಹಿಂದೆ ಬಹಳಷ್ಟು ನಿಯಮಗಳು ಅಡಗಿವೆ. ಸಾಮಾನ್ಯರಿಗೆ ತಟ್ಟುವ ನಾಲ್ಕೈದನ್ನು ಹೇಳುತ್ತೇವೆ.

ಬೇಟೆ. ಐತಿಹಾಸಿಕ ಉದ್ಯಾನದಲ್ಲಿ ಬೇಟೆಗೆ ಕಾಂಗ್ರೆಸ್ ಸ್ಪಷ್ಟವಾಗಿ ಅನುಮತಿ ಕೊಟ್ಟಿರದಿದ್ದರೆ ಅವಕಾಶವಿಲ್ಲ. ತಲೆಮಾರುಗಳಿಂದ ಜಿಂಕೆ ಬೇಟೆಯಾಡಿದ ಕಾಡು ಪಾರ್ಕಿಗೆ ಸೇರಿದ ದಿನ ಆ ರೂಢಿ ಅಪರಾಧವಾಗುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ವಿಸ್ತರಣೆಗೆ ಬರುವ ವಿರೋಧದ ಒಂದು ದೊಡ್ಡ ಭಾಗ ಇದೇ. ಇದಕ್ಕೆ ಶಾಸನದಲ್ಲಿ ಕಂಡುಕೊಂಡಿರುವ ಪರಿಹಾರ 'ಪ್ರಿಸರ್ವ್' ಎಂಬ ವರ್ಗ. ಪಾರ್ಕಿನ ಗರ್ಭಭಾಗದಲ್ಲಿ ಬೇಟೆ ಇಲ್ಲ, ಪ್ರಿಸರ್ವ್ ಭಾಗದಲ್ಲಿ ನಿಯಮದೊಳಗೆ ಉಂಟು.

ಮಣ್ಣಿನಡಿಯ ವಸ್ತುಗಳು. ಅಮೆರಿಕದಲ್ಲಿ ಖಾಸಗಿ ಜಮೀನಿನಲ್ಲಿ ಸಿಕ್ಕ ಬಾಣದ ಮೊನೆ, ಮಡಕೆ ಚೂರು ಸಾಮಾನ್ಯವಾಗಿ ಜಮೀನಿನ ಮಾಲೀಕರದು. ಸಮಾಧಿಗಳಿಗೆ ರಾಜ್ಯದ ಬೇರೆ ಕಾನೂನುಗಳಿವೆ. ಪುರಾತತ್ವ ಸಂಪನ್ಮೂಲ ಸಂರಕ್ಷಣೆಯ 1979ರ ಕಾಯ್ದೆ ಅನ್ವಯಿಸುವುದು ಸಾರ್ವಜನಿಕ ಮತ್ತು ಬುಡಕಟ್ಟು ಜಮೀನಿಗೆ. ಆದ್ದರಿಂದ ಗಡಿಯೊಳಗಿದ್ದೂ ಖಾಸಗಿಯಾಗಿ ಉಳಿದ ತುಂಡಿನಲ್ಲಿ ಸಾವಿರ ವರ್ಷದ ನೆಲೆಯೊಂದಿದ್ದರೂ ಅದನ್ನು ಆ ಕಾಯ್ದೆ ಕಾಯುವುದಿಲ್ಲ. ನಮಗೆ ನೋವಾಗುವ ವಿಷಯವಿದು. ಜಮೀನು ಕೊಳ್ಳುವುದು ಒಂದೊಂದು ವರ್ಷ ತಡವಾದಾಗಲೂ ಅಷ್ಟು ಕಾಲ ಆ ನೆಲೆ ಮಾಲೀಕರ ಒಳ್ಳೆಯತನವೊಂದನ್ನೇ ನಂಬಿ ನಿಂತಿರುತ್ತದೆ. ಓಕ್ಮಲ್ಗೀಯಲ್ಲಿ 19ನೇ ಶತಮಾನದ ರೈಲು ಹಳಿಗಳು ದಿಬ್ಬಗಳ ನಡುವೆಯೇ ಸೀಳಿಕೊಂಡು ಹೋದವು. ಆಗ ತಡೆಯಲು ಯಾವ ಕಾಯ್ದೆಯೂ ಇರಲಿಲ್ಲ.

ಬಫರ್. 'ಈ ಕಾಯ್ದೆ ಪಾರ್ಕಿನ ಸುತ್ತ ರಕ್ಷಣಾ ವಲಯ ನಿರ್ಮಿಸುವುದಿಲ್ಲ. ಗಡಿಯಾಚೆಯ ಚಟುವಟಿಕೆ ಒಳಗಿನಿಂದ ಕಾಣುತ್ತದೆ, ಕೇಳಿಸುತ್ತದೆ ಎಂಬ ಕಾರಣಕ್ಕೆ ಅದನ್ನು ತಡೆಯುವಂತಿಲ್ಲ' ಎಂಬ ಅರ್ಥದ ಕಲಂ ಹಲವು ಮಸೂದೆಗಳಲ್ಲಿ ಇರುತ್ತದೆ. ಪಕ್ಕದ ಮಾಲೀಕರಿಗೆ ಇದರಿಂದ ನೆಮ್ಮದಿ. ಸ್ಮಾರಕದ ಪರ ಇರುವವರು ಮಾತ್ರ ಇದರ ಪರಿಣಾಮ ತಿಳಿದಿರಬೇಕು: ಗೆರೆಯ ಆಚೆ ಗೋದಾಮು ಏಳುವುದನ್ನು ಪಾರ್ಕ್ ಕಾಯ್ದೆ ತಡೆಯದು, ಕೌಂಟಿಯ ಜೋನಿಂಗ್ (ಭೂ ಬಳಕೆ ನಿರ್ಧರಿಸುವ) ಸಭೆಯಲ್ಲೇ ಹೋರಾಡಬೇಕು. ಹತ್ತಿರದಲ್ಲಿ ವಾಯುಪಡೆಯ ನೆಲೆ ಇದ್ದರೆ ವಿಮಾನ ಹಾರಾಟಕ್ಕೂ ಇಂಥದೇ ಕಲಂ ಕೇಳುತ್ತಾರೆ.

ಖನಿಜ. ಫೆಡರಲ್ ಜಮೀನನ್ನು ಗಣಿ, ತೈಲ, ಅನಿಲ ಗುತ್ತಿಗೆಗಳಿಂದ ಹಿಂದಕ್ಕೆ ಪಡೆಯುವ ಕಲಂ ಇದ್ದರೆ, 'ಈಗಾಗಲೇ ಇರುವ ಸಿಂಧು ಹಕ್ಕುಗಳಿಗೆ ಒಳಪಟ್ಟು' ಎಂಬ ಮಾತು ಜೊತೆಗಿರುತ್ತದೆ. ಹಳೆಯ ಗುತ್ತಿಗೆ ಹಾಗೆಯೇ ಮುಂದುವರಿಯುತ್ತದೆ ಎಂದರ್ಥ. ನ್ಯೂ ಮೆಕ್ಸಿಕೊದ ಚಾಕೊ ಕಲ್ಚರ್ ಉದ್ಯಾನದ ಸುತ್ತ 10 ಮೈಲಿ ವ್ಯಾಪ್ತಿಯ ಫೆಡರಲ್ ಜಮೀನನ್ನು 2023ರ ಜೂನ್‌ನಲ್ಲಿ 20 ವರ್ಷಗಳ ಅವಧಿಗೆ ಹೊಸ ಗುತ್ತಿಗೆಯಿಂದ ಹೊರಗಿಟ್ಟಿದ್ದು ಕಾಂಗ್ರೆಸ್ಸಿನ ಕಾಯ್ದೆಯಲ್ಲ, ಇಲಾಖೆಯ ಆದೇಶ. ಅಲ್ಲಿ ನವಾಹೊ ಕುಟುಂಬಗಳಿಗೆ ಹಂಚಿಕೆಯಾದ ತುಂಡುಗಳ ಖನಿಜ ಆದೇಶದ ಹೊರಗೇ ಇತ್ತು. ಆದರೂ ಸುತ್ತಲಿನ ಫೆಡರಲ್ ತುಂಡುಗಳು ಮುಚ್ಚಿದರೆ ನಡುವೆ ಸಿಕ್ಕಿಕೊಂಡ ತಮ್ಮ ತುಂಡನ್ನು ಯಾವ ಕಂಪನಿಯೂ ಗುತ್ತಿಗೆಗೆ ಕೇಳುವುದಿಲ್ಲ ಎಂದು ಅವರು ವಿರೋಧಿಸಿದರು. ನಕ್ಷೆಯ ಮೇಲೆ ಒಡೆತನ ಚದುರಂಗದ ಹಾಸಿನಂತೆ ಹಂಚಿಹೋಗಿರುವಲ್ಲಿ, ನಿಮ್ಮ ತುಂಡಿಗೆ ಏನೂ ಆಗದಿದ್ದರೂ ಪಕ್ಕದ ತುಂಡಿನ ಪರಿಣಾಮ ನಿಮಗೆ ತಟ್ಟುತ್ತದೆ.

ಮೂಲ ನಿವಾಸಿಗಳ ಪಾತ್ರ. ಮಸ್ಕೋಗೀ ಜನ 1805ರ ಒಪ್ಪಂದದಲ್ಲಿ ಸುತ್ತಲಿನ ನೆಲವನ್ನು ಬಿಟ್ಟುಕೊಟ್ಟಾಗಲೂ ಓಕ್ಮಲ್ಗೀಯ ಹಳೆಯ ಬಯಲನ್ನು, ಮೂರು ಮೈಲಿ ಅಗಲ ಐದು ಮೈಲಿ ಉದ್ದದ ಪಟ್ಟಿಯಾಗಿ, ತಮಗೇ ಉಳಿಸಿಕೊಂಡಿದ್ದರು. 1826ರಲ್ಲಿ ಅದೂ ಹೋಯಿತು. ಮುಂದೆ ಅವರನ್ನು ಒಕ್ಲಹೋಮಾಕ್ಕೆ ಅಟ್ಟಲಾಯಿತು. ಇಂಥ ತಾಣದ ಮಸೂದೆಯಲ್ಲಿ ಬುಡಕಟ್ಟು ರಾಷ್ಟ್ರದೊಂದಿಗೆ 'ಸಮಾಲೋಚನೆ' ಎಂದಿದೆಯೋ, 'ಸಹ ಆಡಳಿತ' ಎಂದಿದೆಯೋ, ಸಲಹಾ ಸಮಿತಿಯಲ್ಲಿ ಸ್ಥಾನವಿದೆಯೋ ನೋಡಿ. ಸಮಾಲೋಚನೆ ಎಂದರೆ ಕೇಳಿಸಿಕೊಂಡರೆ ಸಾಕು. ನಿರ್ಧಾರದಲ್ಲಿ ಪಾಲು ಬೇಕಾದರೆ ಅದನ್ನು ಕಾಯ್ದೆಯಲ್ಲೇ ಬರೆಯಬೇಕು.

ಆಡಳಿತ ಯೋಜನೆ ಸಿದ್ಧಪಡಿಸಲು ಸಾಮಾನ್ಯವಾಗಿ 'ಹಣ ಲಭ್ಯವಾದ 3 ವರ್ಷಗಳೊಳಗೆ' ಎಂಬ ಗಡುವು ಇರುತ್ತದೆ. ಗಡಿಯಾರ ಶುರುವಾಗುವುದು ಕಾಯ್ದೆಯ ದಿನದಿಂದಲ್ಲ, ಹಣ ಬಂದ ದಿನದಿಂದ.

6. ಸಮಿತಿಯ ಹಂತದಲ್ಲಿ ಮಾತು ಹಾಕಿ

ತಿದ್ದುಪಡಿ ಮಾಡಿಸಲು ಹೆಚ್ಚಿನ ಅವಕಾಶ ಇರುವುದು ಇಲ್ಲೇ. ಕೆಳಮನೆಯಲ್ಲಿ ನ್ಯಾಚುರಲ್ ರಿಸೋರ್ಸಸ್ ಸಮಿತಿ, ಸೆನೆಟ್‌ನಲ್ಲಿ ಎನರ್ಜಿ ಆ್ಯಂಡ್ ನ್ಯಾಚುರಲ್ ರಿಸೋರ್ಸಸ್ ಸಮಿತಿಯ ಪಾರ್ಕ್ ಉಪಸಮಿತಿ ವಿಚಾರಣೆ ನಡೆಸುತ್ತವೆ. ಆಗ ಪಾರ್ಕ್ ಸರ್ವಿಸ್ ಕೊಡುವ ಲಿಖಿತ ಸಾಕ್ಷ್ಯವನ್ನು ತಪ್ಪದೆ ಓದಿ. 'ಬೆಂಬಲಿಸುತ್ತೇವೆ', 'ತಿದ್ದುಪಡಿಯೊಂದಿಗೆ ಬೆಂಬಲಿಸುತ್ತೇವೆ', 'ಸದ್ಯಕ್ಕೆ ಮುಂದೂಡಿ' ಎಂಬ ಮೂರು ಬಗೆಯ ನಿಲುವುಗಳು ಸಾಮಾನ್ಯ. ಮೂರನೆಯದು ಬಂದರೆ ಹೆಚ್ಚಾಗಿ ಅಧ್ಯಯನ ಮುಗಿದಿಲ್ಲವೆಂದೋ ಹಣದ ಚಿಂತೆಯೆಂದೋ ಅರ್ಥ.

ವಿಚಾರಣೆಯ ದಾಖಲೆ ಸಾಮಾನ್ಯವಾಗಿ ಇನ್ನೂ ಎರಡು ವಾರ ತೆರೆದಿರುತ್ತದೆ, ಅಷ್ಟರಲ್ಲಿ ಲಿಖಿತ ಹೇಳಿಕೆ ಕಳಿಸಬಹುದು. ಇದಕ್ಕೆ ಅಮೆರಿಕದ ಪೌರತ್ವ ಬೇಕಿಲ್ಲ. ಎಚ್-1ಬಿ ವೀಸಾದವರೂ ಗ್ರೀನ್ ಕಾರ್ಡಿನವರೂ ಸಮಿತಿಗೆ, ತಮ್ಮ ಕ್ಷೇತ್ರದ ಪ್ರತಿನಿಧಿಗೆ ಬರೆಯಬಹುದು, ಪಾರ್ಕ್ ಸರ್ವಿಸ್ ಯೋಜನೆಗಳ ಮೇಲೆ ಆನ್‌ಲೈನ್‌ನಲ್ಲಿ ಅಭಿಪ್ರಾಯ ಹಾಕಬಹುದು. ಹೇಳಿಕೆ ಎರಡು ಪುಟ ದಾಟದಿರಲಿ. ಮೊದಲ ಸಾಲಿನಲ್ಲೇ ಮಸೂದೆಯ ಸಂಖ್ಯೆ, ನಿಮ್ಮ ನಿಲುವು. ನಂತರ ನಿಮಗೂ ಜಾಗಕ್ಕೂ ಇರುವ ಸಂಬಂಧ ಒಂದು ಸಾಲು. ಆಮೇಲೆ ಯಾವ ಪುಟ, ಯಾವ ಸಾಲು, ಏನಿದೆ, ಏನಾಗಬೇಕು ಎಂದು ಬದಲಿ ವಾಕ್ಯವನ್ನೇ ಬರೆದುಕೊಡಿ. 'ಪರಂಪರೆ ಉಳಿಸಿ' ಎಂಬ ಐವತ್ತು ಪತ್ರಗಳಿಗಿಂತ 'ಇಂಥ ಸಾಲಿನ ನಂತರ ಭೂಸ್ವಾಧೀನ ನಿಷೇಧದ ವಾಕ್ಯ ಸೇರಿಸಿ' ಎಂಬ ಒಂದು ಪತ್ರ ಸಮಿತಿಯ ಸಿಬ್ಬಂದಿಗೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಸಮಿತಿ ದಾಟಿದ ಮೇಲೆ ವಿವಾದವಿಲ್ಲದ ಮಸೂದೆ ಕೆಳಮನೆಯಲ್ಲಿ 40 ನಿಮಿಷದ ಚರ್ಚೆ, ಮೂರನೇ ಎರಡು ಬಹುಮತದ ತ್ವರಿತ ವಿಧಾನದಲ್ಲಿ ಸಾಗುತ್ತದೆ. ಸಿಕ್ಕಿಕೊಳ್ಳುವುದು ಸೆನೆಟ್‌ನಲ್ಲಿ. ಅಲ್ಲಿ ಸರ್ವಾನುಮತದ ದಾರಿಯಲ್ಲಿ ಒಬ್ಬ ಸೆನೆಟರ್ ತಡೆದರೂ ಸಾಕು. ಆದ್ದರಿಂದಲೇ ಪಾರ್ಕ್ ಮಸೂದೆಗಳು ಗಂಟುಕಟ್ಟಿ ಹೋಗುತ್ತವೆ. ಓಕ್ಮಲ್ಗೀ ದಾಟಿದ್ದು ನೂರಕ್ಕೂ ಹೆಚ್ಚು ಮಸೂದೆಗಳನ್ನು ಕಟ್ಟಿದ ಡಿಂಗೆಲ್ ಕಾಯ್ದೆಯೊಳಗೆ; ಮೊದಲೇ ಹೇಳಿದ 2019ರ ಕಾಯ್ದೆ ಇದೇ. ಸೆನೆಟ್‌ನಲ್ಲಿ 92–8, ಕೆಳಮನೆಯಲ್ಲಿ 363–62 ಮತ. ಸ್ಯಾನ್ ಆಂಟೋನಿಯೊ ಮಿಷನ್ಸ್‌ಗೆ ಸುಮಾರು 137 ಎಕರೆ ಸೇರಿದ್ದು 2014ರ ಡಿಸೆಂಬರ್‌ನಲ್ಲಿ ರಕ್ಷಣಾ ಇಲಾಖೆಯ ವಾರ್ಷಿಕ ಮಸೂದೆಯೊಳಗೆ. ಹೀಗಾಗಿ ನಿಮ್ಮ ಮಸೂದೆಯ ಪುಟದಲ್ಲಿ ತಿಂಗಳುಗಟ್ಟಲೆ ಚಲನೆಯಿಲ್ಲದಿದ್ದರೂ ಡಿಸೆಂಬರ್ ಹತ್ತಿರ ಬಂದಾಗ ದೊಡ್ಡ ಮಸೂದೆಗಳ ಪಠ್ಯದಲ್ಲಿ ಪಾರ್ಕಿನ ಹೆಸರು ಹಾಕಿ ಹುಡುಕಿ. ಗಂಟಿಗೆ ಸೇರುವಾಗ ಕೊನೆಯ ಗಳಿಗೆಯಲ್ಲಿ ಕಲಮುಗಳು ಬದಲಾಗುವುದೂ ಉಂಟು.

7. ಸಹಿಯ ನಂತರ: ಹಣ, ಹಕ್ಕುಪತ್ರ, ಬೆಲೆ

ಓಕ್ಮಲ್ಗೀಯ ಮೊದಲ ಅಧ್ಯಾಯವೇ ಇಲ್ಲಿ ಪಾಠ. 1934ರಲ್ಲಿ ಕಾಂಗ್ರೆಸ್ ಸುಮಾರು 2,000 ಎಕರೆಗೆ ಅಧಿಕಾರ ಕೊಟ್ಟಿತು, ಜಮೀನು ಮಾತ್ರ ದಾನದಿಂದ ಬರಬೇಕಿತ್ತು. ಮಹಾ ಆರ್ಥಿಕ ಕುಸಿತದ ಆ ದಿನಗಳಲ್ಲಿ ಮೇಕನ್ ಜನ ಕೂಡಿಸಿಕೊಡಲು ಸಾಧ್ಯವಾದದ್ದು 678 ಎಕರೆ. 1936ರಲ್ಲಿ ಅಷ್ಟರಲ್ಲೇ ಸ್ಮಾರಕ ಸ್ಥಾಪನೆಯಾಯಿತು. ಅಧಿಕಾರವಿದ್ದು ಹಣವಿಲ್ಲದ ಕಾಯ್ದೆ ಎಂಬತ್ತು ವರ್ಷ ಅಪೂರ್ಣವಾಗಿಯೇ ಉಳಿಯಿತು.

ಈಗ ಮುಖ್ಯ ಹಣದ ಮೂಲ ಭೂಮಿ ಮತ್ತು ಜಲ ಸಂರಕ್ಷಣಾ ನಿಧಿ. ಕಡಲಾಚೆಯ ತೈಲ, ಅನಿಲ ಗುತ್ತಿಗೆಯ ಆದಾಯದಿಂದ ನಡೆಯುವ ಈ ನಿಧಿಯನ್ನು ಡಿಂಗೆಲ್ ಕಾಯ್ದೆ ಶಾಶ್ವತಗೊಳಿಸಿತು. 2020ರ ಇನ್ನೊಂದು ಕಾಯ್ದೆ ವರ್ಷಕ್ಕೆ 90 ಕೋಟಿ ಡಾಲರ್ ಖಾತರಿ ಮಾಡಿತು. ಆದರೆ ಆ ಹಣ ನಾಲ್ಕು ಫೆಡರಲ್ ಸಂಸ್ಥೆಗಳ ನಡುವೆ, ರಾಜ್ಯಗಳ ನಡುವೆ ಹಂಚಿಕೆಯಾಗುತ್ತದೆ. ವರ್ಷ ವರ್ಷದ ಯೋಜನಾ ಪಟ್ಟಿಯಲ್ಲಿ ನಿಮ್ಮ ಪಾರ್ಕ್ ಇದೆಯೇ ಎಂದು ಬಜೆಟ್ ದಾಖಲೆಯಲ್ಲಿ ನೋಡಬೇಕು.

ಸರ್ಕಾರದ ಹಣ ಬರುವವರೆಗೆ ಮಾಲೀಕರು ಕಾಯುವುದಿಲ್ಲ. ಆದ್ದರಿಂದ ಬಹುಪಾಲು ಕಡೆ ಲಾಭರಹಿತ ಭೂ ಸಂರಕ್ಷಣಾ ಸಂಸ್ಥೆ ಮೊದಲು ಕೊಂಡು, ನಂತರ ಪಾರ್ಕ್ ಸರ್ವಿಸ್‌ಗೆ ಕೊಡುತ್ತದೆ. ಓಕ್ಮಲ್ಗೀಯಲ್ಲೂ ಹೀಗೆ ಜೊತೆಗೂಡಿ 2022ರಲ್ಲಿ ಸುಮಾರು 951 ಎಕರೆ ಸೇರಿತು. ಕಾಯ್ದೆಯಾಗಿ ಮೂರು ವರ್ಷಕ್ಕೆ ಪಾರ್ಕಿನ ನಿಜವಾದ ವಿಸ್ತಾರ ದುಪ್ಪಟ್ಟು ದಾಟಿತು. ಈ ಲೆಕ್ಕದಲ್ಲಿ ಅದು ವೇಗದ ಕೆಲಸವೇ.

ಮಾರುವವರು ಗಮನಿಸಬೇಕಾದ್ದು ಇಷ್ಟು. 1970ರ ಏಕರೂಪ ಸ್ವಾಧೀನ ನೀತಿ ಕಾಯ್ದೆಯಂತೆ ಮೌಲ್ಯಮಾಪಕರು ಬಂದಾಗ ಜೊತೆಯಲ್ಲಿ ನಡೆಯುವ ಹಕ್ಕು ನಿಮಗಿದೆ. ಹೋಗಿ. ಬಾವಿ, ಚರಂಡಿ, ಮರಮಟ್ಟು, ರಸ್ತೆ ತೋರಿಸಿ, ಇತ್ತೀಚಿನ ಮಾರಾಟಗಳ ವಿವರ ಕೊಡಿ. ಅನುಮೋದಿತ ಮೌಲ್ಯಕ್ಕಿಂತ ಕಡಿಮೆ ಬೆಲೆಯ ಪ್ರಸ್ತಾಪ ಸರ್ಕಾರ ಇಡುವಂತಿಲ್ಲ. ಪಾರ್ಕ್ ಯೋಜನೆಯ ಸುದ್ದಿಯಿಂದ ಏರಿದ ಬೆಲೆಯನ್ನು ಮಾತ್ರ ಮೌಲ್ಯದಲ್ಲಿ ಎಣಿಸುವುದಿಲ್ಲ, ದಲ್ಲಾಳಿಗಳು ಇದನ್ನು ಹೇಳುವುದಿಲ್ಲ. ದಾನ ಮಾಡಿ ತೆರಿಗೆ ವಿನಾಯಿತಿ ಪಡೆಯುವುದಾದರೆ 5,000 ಡಾಲರ್ ಮೀರಿದ ಆಸ್ತಿಗೆ ಅರ್ಹ ಮೌಲ್ಯಮಾಪನ ನೀವೇ ಮಾಡಿಸಬೇಕು. ಜಮೀನು ಬಿಡಲು ಮನಸ್ಸಿಲ್ಲದಿದ್ದರೆ ಸಂರಕ್ಷಣಾ ಈಸ್‌ಮೆಂಟ್ ಮಾರಬಹುದು: ಒಡೆತನ ನಿಮ್ಮದೇ, ಬಡಾವಣೆ ಮಾಡುವ ಹಕ್ಕು ಮಾತ್ರ ಹೋಗುತ್ತದೆ, ಮುಂದಿನ ಮಾಲೀಕರಿಗೂ ಅದು ಅಂಟಿಕೊಳ್ಳುತ್ತದೆ.

ವ್ಯವಹಾರ ನಿಲ್ಲುವುದು ಬೆಲೆಗಿಂತ ಹೆಚ್ಚಾಗಿ ಕಾಗದಪತ್ರದಲ್ಲಿ. ಬ್ಯಾಂಕಿನ ಸಾಲ ತೀರದಿರುವುದು, ಅಜ್ಜನ ಕಾಲದ ಪಾಲುದಾರರ ಹೆಸರು ಉಳಿದಿರುವುದು, ಖನಿಜ ಹಕ್ಕು ಬೇರೆಯವರ ಕೈಯಲ್ಲಿರುವುದು, ಹಳೆಯ ಪೆಟ್ರೋಲ್ ಟ್ಯಾಂಕೋ ಕಸದ ಗುಂಡಿಯೋ ಪರಿಸರ ಪರೀಕ್ಷೆಯಲ್ಲಿ ಬಯಲಾಗುವುದು. ಇವುಗಳಲ್ಲಿ ಒಂದಿದ್ದರೂ ಸರ್ಕಾರಿ ವಕೀಲರು ಮುಂದೆ ಹೋಗುವುದಿಲ್ಲ. ಮಸೂದೆ ಸಮಿತಿಯಲ್ಲಿದ್ದಾಗಲೇ ವಕೀಲರಿಂದ ಹಕ್ಕುಪತ್ರ ಶೋಧನೆ ಮಾಡಿಸಿದರೆ ಈ ಕಾಯುವಿಕೆ ಬಹಳಷ್ಟು ತಪ್ಪುತ್ತದೆ.

8. ಓಕ್ಮಲ್ಗೀಯ ಮುಂದಿನ ಮಸೂದೆಯಲ್ಲಿ ನೋಡಬೇಕಾದ್ದು

2019ರ ಕಾಯ್ದೆ ಮೇಕನ್‌ನಿಂದ ಹಾಕಿನ್ಸ್‌ವಿಲ್‌ವರೆಗಿನ ನದಿ ಕಾರಿಡಾರಿನ ವಿಶೇಷ ಅಧ್ಯಯನಕ್ಕೂ ಆದೇಶಿಸಿತ್ತು. 2023ರಲ್ಲಿ ಬಂದ ವರದಿ, ಕಾರಿಡಾರ್ ರಾಷ್ಟ್ರೀಯ ಮಹತ್ವದ ಮತ್ತು ಸೂಕ್ತತೆಯ ಅಳತೆಗೆ ನಿಲ್ಲುತ್ತದೆ, ಆದರೆ ಅಷ್ಟು ಉದ್ದ, ಅಷ್ಟು ಮಂದಿ ಖಾಸಗಿ ಮಾಲೀಕರು ಇರುವುದರಿಂದ ಕಾರ್ಯಸಾಧ್ಯತೆಯ ಅಳತೆಗೆ ನಿಲ್ಲದು ಎಂದಿತು. ಮಹತ್ವವಿದ್ದರೆ ಸಾಲದು, ನಡೆಸಲು ಆಗಬೇಕು ಎಂಬುದು ಆ ಅಧ್ಯಯನಗಳ ಕಟ್ಟುನಿಟ್ಟು. ಅದರ ನಂತರ 2024ರಲ್ಲಿ ಜಾರ್ಜಿಯಾದ ಎರಡೂ ಪಕ್ಷಗಳ ಪ್ರತಿನಿಧಿಗಳು ಸೇರಿ, ಇದನ್ನು ರಾಷ್ಟ್ರೀಯ ಉದ್ಯಾನ ಮತ್ತು ಪ್ರಿಸರ್ವ್ ಆಗಿಸುವ ಮಸೂದೆ ತಂದರು. ಆ ಕಾಂಗ್ರೆಸ್ಸಿನೊಂದಿಗೆ ಅದು ಮುಗಿದು 2025ರಲ್ಲಿ ಹೊಸ ಸಂಖ್ಯೆಯಲ್ಲಿ ಮತ್ತೆ ಮಂಡನೆಯಾಯಿತು. ಅದರ ಪಠ್ಯ ತೆರೆದು ಕುಳಿತರೆ ಈ ಕ್ರಮದಲ್ಲಿ ಓದಿ: ನಕ್ಷೆಯ ದಿನಾಂಕ, ಭೂಸ್ವಾಧೀನ ನಿಷೇಧದ ವಾಕ್ಯ, ಬೇಟೆ ಮತ್ತು ಮೀನುಗಾರಿಕೆಯ ಕಲಂ, ಮಸ್ಕೋಗೀ ರಾಷ್ಟ್ರಕ್ಕೆ ಆಡಳಿತದಲ್ಲಿರುವ ಪಾಲು, ವಾಯುಪಡೆ ನೆಲೆಯ ಕುರಿತ ಮಾತು. ಉಳಿದದ್ದನ್ನು ಆಮೇಲೆ ಓದಬಹುದು.